ಅರ್ಧ ಮಿಲಿಮೀಟರಿನ ಲೆಕ್ಕ

ಪುಣೆಯ ಕೋಥರೂಡಿನ ನನ್ನ ಕ್ಲಿನಿಕ್ಕಿಗೆ ಮುಂದಿನ ಹಲ್ಲು ಚೆಂದ ಮಾಡಿಸಿಕೊಳ್ಳಲು ಬರುವವರು ಕೇಳುವುದು ಹೆಚ್ಚಾಗಿ ಮೂರೇ ಪ್ರಶ್ನೆ: ಖರ್ಚು ಎಷ್ಟು, ಎಷ್ಟು ಬೆಳ್ಳಗಾಗುತ್ತವೆ, ಎಷ್ಟು ವರ್ಷ ಬಾಳುತ್ತವೆ. ನನ್ನ ಹಲ್ಲಿನಿಂದ ಎಷ್ಟು ಕೊರೆದು ತೆಗೆಯುತ್ತೀರಿ ಎಂದು ಕೇಳುವವರು ಬಲು ಅಪರೂಪ. ವೀನಿಯರ್ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಆ ಕೇಳದ ಪ್ರಶ್ನೆಯಲ್ಲಿದೆ.

ವೀನಿಯರ್ ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳುವಾದ ಪಿಂಗಾಣಿ ಚಿಪ್ಪು. ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. 1928ರಲ್ಲಿ ಹಾಲಿವುಡ್ಡಿನ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯ ನಟನಟಿಯರಿಗೆ ಇಂಥ ಚಿಪ್ಪುಗಳನ್ನು ಮಾಡಿಕೊಡುತ್ತಿದ್ದ. ಕಟ್ಟುಹಲ್ಲಿನ ಸೆಟ್ಟು ನಿಲ್ಲಿಸುವ ಪುಡಿಯಿಂದ ಅಂಟಿಸಿಕೊಂಡು ಕ್ಯಾಮೆರಾ ಮುಂದೆ ನಿಲ್ಲುವುದು, ಶೂಟಿಂಗ್ ಮುಗಿದ ಮೇಲೆ ಕಳಚಿಡುವುದು. ಪ್ರಭಾತ್ ಸ್ಟುಡಿಯೊ ಇದ್ದ ಜಾಗದಲ್ಲಿ ಈಗಿರುವ ಫಿಲ್ಮ್ ಇನ್‌ಸ್ಟಿಟ್ಯೂಟಿನ ಹುಡುಗರಿಗೆ ಈ ಕತೆ ಹೇಳಿದರೆ, ‘ಹಾಗಾದರೆ ನಮಗೂ ಅದನ್ನೇ ಮಾಡಿಕೊಡಿ’ ಅನ್ನುತ್ತಾರೆ. ಶಾಶ್ವತವಾಗಿ ಅಂಟಿಸುವ ದಾರಿ ತೆರೆದದ್ದು 1955ರಲ್ಲಿ, ಆಸಿಡ್ ಸವರಿದರೆ ಎನಾಮೆಲ್ ಮೇಲೆ ರಾಳ ಗಟ್ಟಿಯಾಗಿ ಹಿಡಿಯುತ್ತದೆಂದು ಮೈಕೆಲ್ ಬ್ಯೂನೊಕೋರ್ ತೋರಿಸಿದಾಗ. ಪಿಂಗಾಣಿಯ ಒಳಮೈಯನ್ನೂ ಹಾಗೇ ಆಸಿಡ್ಡಿನಿಂದ ತರಿತರಿ ಮಾಡಿ ಅಂಟಿಸಬಹುದೆಂದು 1983ರಲ್ಲಿ ಸೈಮನ್ಸೆನ್ ಮತ್ತು ಕಲಾಮಿಯಾ ತೋರಿಸಿದರು. ನಾವಿಂದು ಮಾಡುವ ಕೆಲಸಕ್ಕೆಲ್ಲ ಅದೇ ಬುನಾದಿ.

ಅಂಟು ಭದ್ರವಾಗಿ ಹಿಡಿಯುವುದು ಎನಾಮೆಲ್ಲಿಗೆ. ಕೊರೆಯುತ್ತ ಹೋಗಿ ಒಳಗಿನ ಹಳದಿ ಡೆಂಟಿನ್ ತಾಗಿದರೆ ಹಿಡಿತ ಅಷ್ಟು ನೆಚ್ಚುವಂಥದ್ದಲ್ಲ. ಡೆಂಟಿನ್ ಎನಾಮೆಲ್ಲಿಗಿಂತ ಮೆದು, ಬಾಗುತ್ತದೆ, ಮೇಲಿನ ಪಿಂಗಾಣಿ ಬಾಗುವುದಿಲ್ಲ, ಸೀಳುತ್ತದೆ. ಮೇಲಿನ ನಡುಹಲ್ಲಿನ ಎನಾಮೆಲ್ ತುದಿಯ ಕಡೆ ಒಂದು ಮಿಲಿಮೀಟರಿಗಿಂತ ದಪ್ಪವಿದ್ದರೂ ಒಸಡಿನ ಬಳಿ ಇರುವುದು 0.3ರಿಂದ 0.5 ಮಿಲಿಮೀಟರ್ ಮಾತ್ರ. ಕಣ್ಣಿಗೆ ಕಾಣದಷ್ಟು ಕೈ ಜಾಸ್ತಿ ಒತ್ತಿದರೂ ಅಲ್ಲಿ ಎನಾಮೆಲ್ ಮುಗಿದೇ ಹೋಯಿತು.

ಧಾರವಾಡದಲ್ಲಿ ಓದುವಾಗ ನಾವು ಕಲಿತದ್ದು ಕಣ್ಣಳತೆ. ಬರ್ ಎಂಬ ವಜ್ರದ ಕೊರೆಮೊನೆ ಹಿಡಿದು, ಅದರ ದಪ್ಪ ನೆನಪಿಟ್ಟುಕೊಂಡು, ‘ಅರ್ಧ ಬರ್ ಒಳಗೆ ಹೋದರೆ ಸಾಕು’ ಎಂದು ಕೊರೆಯುವುದು. ಪುಣೆಗೆ ಬಂದ ಮೇಲೆ ಗೆಳೆಯರು ಕೂಡಿ ಒಂದು ಕೆಲಸ ಮಾಡಿದೆವು. ಕಿತ್ತ ಹಲ್ಲುಗಳನ್ನು ಪ್ಲಾಸ್ಟರಿನಲ್ಲಿ ನಿಲ್ಲಿಸಿ, ಒಂದೊಂದನ್ನು ಒಂದೊಂದು ವಿಧಾನದಲ್ಲಿ ಕೊರೆದು, ಆಮೇಲೆ ಉದ್ದಕ್ಕೆ ಸೀಳಿ ಎಷ್ಟು ಎನಾಮೆಲ್ ಉಳಿದಿದೆಯೆಂದು ಲೂಪ್ ಎಂಬ ಭೂತಗನ್ನಡಿ ಹಾಕಿಕೊಂಡು ನೋಡಿದೆವು. ಕಣ್ಣಳತೆಯವು ಒಂದರಂತೆ ಒಂದಿರಲಿಲ್ಲ. ಒಬ್ಬರದೇ ಕೈ, ಒಂದೇ ಬರ್. ಆದರೂ ಒಂದರಲ್ಲಿ ಒಸಡಿನ ಕಡೆ ಡೆಂಟಿನ್ ಬಯಲಾಗಿತ್ತು, ಇನ್ನೊಂದರಲ್ಲಿ ತುದಿಯ ಕಡೆ ಪಿಂಗಾಣಿಗೆ ಜಾಗವೇ ಇರಲಿಲ್ಲ. ಅನುಭವಿಗಳ ಕೈಗೆ ಅಳತೆ ಬೇಡ ಎಂಬ ಮಾತನ್ನು ನಾನು ನಂಬದಾದದ್ದು ಆವತ್ತಿನಿಂದ.

ಆಳ ಗುರುತಿಸುವ ಬರ್ ಇದಕ್ಕಿಂತ ಮೇಲು. ಅದರ ಮೈಮೇಲೆ ಮೂರು ವಜ್ರದ ಉಂಗುರಗಳಿರುತ್ತವೆ, ಉಂಗುರಗಳು 0.3 ಅಥವಾ 0.5 ಮಿಲಿಮೀಟರ್ ಒಳಗಿಳಿದ ಕೂಡಲೇ ನಡುವಿನ ನುಣುಪು ಭಾಗ ಹಲ್ಲಿಗೆ ತಾಗಿ ನಿಲ್ಲುತ್ತದೆ, ಮುಂದೆ ಕೊರೆಯುವುದಿಲ್ಲ. ಆದರೆ ಹಲ್ಲಿನ ಮುಖ ಚಪ್ಪಟೆಯಲ್ಲ. ಮೇಲೆ, ನಡುವೆ, ತುದಿಯಲ್ಲಿ ಮೂರು ಓರೆಗಳಿವೆ. ಬರ್ ಅನ್ನು ಒಂದೇ ಕೋನದಲ್ಲಿ ಹಿಡಿದರೆ ಉಬ್ಬಿದ ನಡುಭಾಗ ಮಾತ್ರ ಸವೆಯುತ್ತದೆ. ಒಸಡಿನ ಬಳಿ ನಾನು 0.3ರದ್ದನ್ನೇ ಬಳಸುವುದು.

ಕೋನ ಸರಿಯಾಗಿ ಹಿಡಿದರೂ ಒಂದು ತೊಡಕು ಉಳಿಯುತ್ತದೆ. ಈ ಬರ್ ಅಳೆಯುವುದು ಈಗಿರುವ ಹಲ್ಲಿನ ಮೈಯಿಂದ. ನಮಗೆ ಬೇಕಾದದ್ದು ಮುಂದೆ ಆಗಬೇಕಾದ ಹಲ್ಲಿನ ಮೈಯಿಂದ ಅಳತೆ. ಸವೆದ ಅಥವಾ ಒಳಕ್ಕೆ ಬಾಗಿದ ಹಲ್ಲಿನಲ್ಲಿ ಹೊಸ ಪಿಂಗಾಣಿ ಹೇಗೂ ಮುಂದಕ್ಕೆ ಬರುತ್ತದೆ. ಅಲ್ಲಿ ಅರ್ಧ ಮಿಲಿಮೀಟರ್ ಕೊರೆದರೆ ಸುಮ್ಮನೆ ಎನಾಮೆಲ್ ಕಳೆದಂತೆ. ಇದನ್ನು ಸರಿಪಡಿಸಲು ಬಂದದ್ದು ಪುಟ್ಟಿ ವಿಧಾನ: ಅಚ್ಚಿನ ಮೇಲೆ ಮೇಣದಿಂದ ಮುಂದೆ ಆಗಬೇಕಾದ ಹಲ್ಲಿನ ರೂಪ ತಿದ್ದಿ, ಅದರ ಮೇಲೆ ಸಿಲಿಕೋನ್ ಪುಟ್ಟಿಯ ಅಚ್ಚು ತೆಗೆದು, ಅದನ್ನು ಅಡ್ಡಡ್ಡ ಸೀಳಿ, ಬಾಯಲ್ಲಿಟ್ಟು ಪುಸ್ತಕದ ಹಾಳೆ ಮಗುಚಿದಂತೆ ಒಂದೊಂದೇ ಪದರ ತೆರೆದು ಎಷ್ಟು ಸಂದು ಬಿದ್ದಿದೆಯೆಂದು ನೋಡುವುದು. ಒಳ್ಳೆಯದೇ. ಆದರೆ ಕೊರೆದಾದ ಮೇಲೆ ಪರೀಕ್ಷಿಸುವುದು ಅದು. ಹೆಚ್ಚಾಗಿದ್ದರೆ ಗೊತ್ತಾಗುತ್ತದೆ, ಮರಳಿ ಬರುವುದಿಲ್ಲ.

ನಾನು ಕೊನೆಗೆ ನೆಚ್ಚಿಕೊಂಡದ್ದು ಮಾಕಪ್. ಸ್ವಿಟ್ಜರ್ಲೆಂಡಿನಲ್ಲಿ ಪ್ಯಾಸ್ಕಲ್ ಮಾನ್ಯೆ ಮತ್ತು ಉರ್ಸ್ ಬೆಲ್ಸರ್, ಇಸ್ತಾಂಬುಲಿನಲ್ಲಿ ಗಾಲಿಪ್ ಗ್ಯುರೆಲ್ ಇದನ್ನು ರೂಢಿಗೆ ತಂದವರು. ಅದೇ ಪುಟ್ಟಿಯಲ್ಲಿ ಬಿಸ್‌ಆಕ್ರಿಲ್ ಎಂಬ ರಾಳ ತುಂಬಿ, ಕೊರೆಯದ ಹಲ್ಲಿನ ಮೇಲೆ ಒತ್ತಿ ಹಿಡಿದರೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗಿ ಹೊಸ ನಗು ಬಾಯಲ್ಲಿ ಕೂತಿರುತ್ತದೆ. ಆಮೇಲೆ ಆ ಮಾಕಪ್ಪಿನ ಮೇಲಿಂದಲೇ ಆಳದ ಬರ್ ಓಡಿಸುವುದು. ಮಾಕಪ್ 0.3 ಮಿಲಿಮೀಟರ್ ದಪ್ಪವಿರುವಲ್ಲಿ 0.5ರ ಬರ್ ಹಲ್ಲಿಗೆ ತಾಗುವುದು ಬರೀ 0.2. ಮಾಕಪ್ಪೇ ಅರ್ಧ ಮಿಲಿಮೀಟರ್ ಇರುವಲ್ಲಿ ಹಲ್ಲಿಗೆ ಗೀರೂ ಬೀಳುವುದಿಲ್ಲ. ಗೀರುಗಳ ತಳಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ರಾಳ ಕಿತ್ತು, ಪೆನ್ಸಿಲ್ ಗೆರೆ ಮಾಯವಾಗುವವರೆಗೆ ಸವೆಸುವುದು, ಅಲ್ಲಿಗೆ ನಿಲ್ಲಿಸುವುದು. ನಾವು ಸೀಳಿ ನೋಡಿದ ಹಲ್ಲುಗಳಲ್ಲೂ ಎನಾಮೆಲ್ ಚೆನ್ನಾಗಿ ಉಳಿದಿದ್ದದ್ದು ಇವುಗಳಲ್ಲೇ. ಸೊಟ್ಟಗೆ ಮುಂದಕ್ಕೆ ಚಾಚಿದ ಹಲ್ಲಿದ್ದರೆ ಮಾತ್ರ ಮೊದಲು ಅದನ್ನು ಒಂದಿಷ್ಟು ಇಳಿಸದೆ ಪುಟ್ಟಿ ಕೂರುವುದಿಲ್ಲ.

ಕೊರೆತ ಹೀಗೆ ಎನಾಮೆಲ್ಲಿನೊಳಗೇ ನಿಂತರೆ ಆಗಾಗ ಇಂಜೆಕ್ಷನ್ನೂ ಬೇಕಾಗುವುದಿಲ್ಲ, ಎನಾಮೆಲ್ಲಿಗೆ ನರವಿಲ್ಲ. ತುಟಿ ಮರಗಟ್ಟದಿದ್ದರೆ ನಗು ನೋಡಲೂ ಸುಲಭ, ಮಾತು ಕೇಳಲೂ ಸುಲಭ. ಮೇಲಿನ ಹಲ್ಲಿನ ತುದಿ ಕೆಳತುಟಿಯನ್ನು ಎಲ್ಲಿ ಮುಟ್ಟುತ್ತದೆಂದು ತಿಳಿಯಲು ಇಂಗ್ಲಿಷ್ ಪಠ್ಯಗಳು ಎಫ್ ಅಕ್ಷರದ ಪದ ಹೇಳಿಸಿ ಎನ್ನುತ್ತವೆ. ನಮ್ಮ ಕಡೆಯ ಎಷ್ಟೋ ಮಂದಿ ಎರಡೂ ತುಟಿ ಕೂಡಿಸಿಯೇ ಅದನ್ನು ಹೇಳುವುದರಿಂದ ಪರೀಕ್ಷೆ ಕೈಕೊಡುತ್ತದೆ. ನಾನು ‘ವಿವಾಹ’, ‘ವಿಶ್ವವಿದ್ಯಾಲಯ’ ಅನ್ನಿಸುತ್ತೇನೆ. ಮದುವೆ ಗೊತ್ತಾದವರು ಮೊದಲನೆಯದನ್ನು ಹೇಳುವಾಗ ಹೇಗೂ ನಗುತ್ತಾರೆ, ಅದೂ ನೋಡಿದಂತಾಗುತ್ತದೆ.

ಮದುವೆ ಅಂದರೆ ಮುಂಡರಗಿಯ ಒಂದು ಸಂಸಾರ ನೆನಪಾಗುತ್ತದೆ. ಮಗಳು ಹಿಂಜವಡಿಯ ಕಂಪನಿಯೊಂದರಲ್ಲಿ ಎಂಜಿನಿಯರ್. ಗದಗ ಜಿಲ್ಲೆಯ ಆ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲವೆಂದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಅಲ್ಲಿ ಅದನ್ನು ಮೀರಿದ ಬಾವಿಗಳು ಬೇಕಾದಷ್ಟಿವೆ. ಹುಡುಗಿಯ ಮುಂದಿನ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ, ನಡುವೆ ಕಂದು ಪಟ್ಟೆ. ತಾಯಿ ಹೇಳಿದರು: “ನಮ್ಮೂರ ನೀರಿಂದ ಹಿಂಗಾಗ್ಯಾವ್ರಿ ಡಾಕ್ಟ್ರ. ಹುಡುಗನ ಕಡೆಯವ್ರು ಬರೋದ್ರಾಗ ಬೆಳ್ಳಗ ಮಾಡಿ ಕೊಟ್ಬಿಡ್ರಿ.”

“ಬೆಳ್ಳಗಾಗ್ತಾವ್ರಿ ಅಮ್ಮಾರ,” ಅಂದೆ. “ಆದ್ರ ಒಮ್ಮೆ ಕೊರದದ್ದು ಮತ್ತ ಬೆಳಿಯಂಗಿಲ್ಲ. ಮೊದ್ಲ ಕೊರೀಲಾರದ ಎಷ್ಟ ಆಗತದ ನೋಡೂಣು.”

ಫ್ಲೋರೈಡಿನಿಂದ ಹೀಗೆ ಕಲೆಬಿದ್ದ ಫ್ಲೋರೋಸಿಸ್ ಹಲ್ಲಿನದು ಬೇರೆಯದೇ ಲೆಕ್ಕ. ಅದರ ಹೊರಪದರ ಸಾಮಾನ್ಯ ಎನಾಮೆಲ್ಲಿಗಿಂತ ಗಡಸು, ಆಸಿಡ್ಡಿಗೆ ಬೇಗ ಜಗ್ಗುವುದಿಲ್ಲ; ಅದರ ಕೆಳಗಿನದು ರಂಧ್ರಮಯ. ಒಂಚೂರೂ ಕೊರೆಯದೆ ಮೇಲೆ ಅಂಟಿಸುತ್ತೇವೆಂಬ ‘ನೋ ಪ್ರೆಪ್’ ಜಾಹೀರಾತು ಪುಣೆಯಲ್ಲೂ ಕಾಣುತ್ತದೆ. ಆರೋಗ್ಯವಂತ ಸಣ್ಣ ಹಲ್ಲಿಗೆ, ಸಂದು ಮುಚ್ಚುವುದಕ್ಕೆ ಅದು ಸೊಗಸಾದ ವಿಧಾನ. ಫ್ಲೋರೋಸಿಸ್ ಹಲ್ಲಿಗೆ ಅಲ್ಲ: ಅಂಟು ಹಿಡಿಯುವುದು ಕಷ್ಟ, ಕಂದು ಬಣ್ಣ ತೆಳು ಪಿಂಗಾಣಿಯೊಳಗಿಂದ ಇಣುಕುತ್ತದೆ, ಬಣ್ಣ ಮುಚ್ಚಲು ಪಿಂಗಾಣಿ ದಪ್ಪ ಮಾಡಿದರೆ ಹಲ್ಲು ಉಬ್ಬಿ ಒಸಡಿನ ಬಳಿ ಕೊಳೆ ಕೂರುತ್ತದೆ. ಕೊರೆಯದಿರುವುದೇ ಯಾವಾಗಲೂ ಹಲ್ಲಿಗೆ ಒಳ್ಳೆಯದು ಎಂಬುದನ್ನು ನಾನು ಒಪ್ಪುವುದಿಲ್ಲ.

ವೀನಿಯರಿಗೂ ಮುಂಚೆ ಒಂದು ಮೆಟ್ಟಿಲಿದೆ. ಮೈಕ್ರೊಅಬ್ರೇಷನ್: ಹೈಡ್ರೊಕ್ಲೋರಿಕ್ ಆಸಿಡ್ ಮತ್ತು ಸಣ್ಣ ತರಿಯ ಲೇಪದಿಂದ ಕಲೆಯ ಪದರವನ್ನು ಉಜ್ಜಿ ತೆಗೆಯುವುದು. ಜೊತೆಗೆ ಬ್ಲೀಚಿಂಗ್. ಹುಡುಗಿಯ ಕೆಲವು ಹಲ್ಲುಗಳು ಇಷ್ಟಕ್ಕೇ ತಿಳಿಯಾದವು. ಬ್ಲೀಚಿಂಗ್ ಆದ ಮೇಲೆ ಸುಮಾರು ಎರಡು ವಾರ ಕಾಯದೆ ಏನನ್ನೂ ಅಂಟಿಸಬಾರದು. ಒಳಗೆ ಉಳಿದ ಆಕ್ಸಿಜನ್ ರಾಳವನ್ನು ಗಟ್ಟಿಯಾಗಲು ಬಿಡುವುದಿಲ್ಲ. ತಾಯಿಗೆ ಆ ಎರಡು ವಾರ ಬಲು ಉದ್ದವಾಯಿತು. ಕೊನೆಗೆ ವೀನಿಯರ್ ಬೇಕಾದದ್ದು ಮೇಲಿನ ನಾಲ್ಕು ಹಲ್ಲಿಗೆ ಮಾತ್ರ. ಕಂದು ಆಳಕ್ಕಿಳಿದ ಕಡೆ ಇಡೀ ಮುಖವನ್ನು ಕೊರೆಯದೆ, ಅಲ್ಲಷ್ಟೇ ತೆಗ್ಗು ತೆಗೆದು ಹಲ್ಲಿನ ಬಣ್ಣದ ಕಾಂಪೊಸಿಟ್ ರಾಳ ತುಂಬಿದೆ. ಉಳಿದದ್ದು ಮಾಕಪ್ ಮೇಲಿಂದ. ಲ್ಯಾಬಿನಿಂದ ಬಂದ ಪಿಂಗಾಣಿಯ ಒಳಮೈಗೆ ಹೈಡ್ರೊಫ್ಲೋರಿಕ್ ಆಸಿಡ್ ಸವರಿದೆ. ಊರ ನೀರಿನಲ್ಲಿ ಆ ಹಲ್ಲು ಕೆಡಿಸಿದ ಫ್ಲೋರಿನ್ನೇ ಇಲ್ಲಿ ಪಿಂಗಾಣಿ ಹಿಡಿಸಲು ನೆರವಾಯಿತು.

ವೀನಿಯರ್ ಕೂರಿಸುವಾಗ ಹಲ್ಲಿನ ತುದಿಯನ್ನು ಹೇಗೆ ಬಿಡಬೇಕೆಂಬ ಬಗ್ಗೆ ನಮ್ಮವರಲ್ಲಿ ಜಗಳವೇ ಇದೆ: ಮುಟ್ಟದೆ ಬಿಡುವುದೋ, ನೇರವಾಗಿ ಕತ್ತರಿಸುವುದೋ, ಹಿಂಭಾಗಕ್ಕೂ ಮಡಚುವುದೋ. ಉದ್ದ ಹೆಚ್ಚಿಸಬೇಕಿದ್ದರೆ ನಾನು ನೇರ ಕತ್ತರಿಸುತ್ತೇನೆ. ಲ್ಯಾಬಿಗೂ ಕೂರಿಸಲಿಕ್ಕೂ ಅದು ಸುಲಭ. ರಾತ್ರಿ ಹಲ್ಲು ಕಡಿಯುವವರಾದರೆ ತುದಿಗಿಂತ ಮೊದಲು ನೈಟ್‌ಗಾರ್ಡ್ ಮಾತು.

ವೀನಿಯರ್ ಮಾಡಿಸಿಕೊಳ್ಳುವ ಯೋಚನೆಯಿದ್ದರೆ ಕುರ್ಚಿಯಲ್ಲಿ ಒರಗುವ ಮುನ್ನ ಕೇಳಿ: ಕೊರೆಯುವ ಮೊದಲು ಮಾಕಪ್ ತೋರಿಸುತ್ತೀರಾ, ಅದರ ಮೇಲಿಂದ ಅಳೆಯುತ್ತೀರಾ, ಬ್ಲೀಚಿಂಗ್ ಅಥವಾ ಮೈಕ್ರೊಅಬ್ರೇಷನ್ ಸಾಲದೇ? ಸಮಾಧಾನದ ಉತ್ತರ ಸಿಗದಿದ್ದರೆ ಎದ್ದು ಬನ್ನಿ. ಇನ್ನು ಮುಂಡರಗಿ, ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಒಂದು ಮಾತು: ಫ್ಲೋರೈಡ್ ಹಲ್ಲಿಗೆ ಕಲೆ ಕೂರಿಸುವುದು ಎನಾಮೆಲ್ ಕಟ್ಟಿಕೊಳ್ಳುವ ಎಳವೆಯಲ್ಲಿ. ಎಂಟು ವರ್ಷದೊಳಗಿನ ಮಕ್ಕಳಿಗೆ ಕೊಳವೆಬಾವಿಯ ನೀರನ್ನು ಹಾಗೇ ಕುಡಿಸಬೇಡಿ, ಶುದ್ಧೀಕರಣ ಘಟಕದ ನೀರನ್ನೇ ತಂದು ಕೊಡಿ.