ನೆಲದ ಲೆಕ್ಕ ಬೇರೆ, ನೀರಿನ ಲೆಕ್ಕ ಬೇರೆ



ಮಳೆಗಾಲ ಕಳೆದು ಆಕಾಶ ತಿಳಿಯಾದ ಒಂದು ಬೆಳಿಗ್ಗೆ ಬೆಳ್ಮಣಿನ ಸುತ್ತಲಿನ ಯಾವುದಾದರೊಂದು ಎತ್ತರದ ಪದವಿನ ಮೇಲೆ ನಿಂತು ಮೂಡಕ್ಕೆ ನೋಡಿರಿ. ಕಾರ್ಕಳದ ಆಚೆ ಘಟ್ಟದ ಸಾಲು ನೀಲಿಯಾಗಿ ಕಾಣುವುದು. ಪಡುವಕ್ಕೆ ತಿರುಗಿದರೆ ತೆಂಗಿನ ತಲೆಗಳ ಆಚೆ ಪಡುಬಿದ್ರಿಯ ಕಡಲು. ಘಟ್ಟದ ಬುಡದಿಂದ ಕಡಲಿಗೆ ಬಸ್ಸಿನಲ್ಲಿ ಅರ್ಧ ದಿನವೂ ಬೇಡ. ಭೂಗೋಳದ ಪುಸ್ತಕವು ಲೋಕವನ್ನೆಲ್ಲ ಸುತ್ತಿಸಿ ಹೇಳುವ ಪಾಠದ ಬಹುಭಾಗವನ್ನು ಈ ಸಣ್ಣ ದಾರಿಯಲ್ಲೇ ಓದಿಕೊಳ್ಳಬಹುದು.

ಲೋಕದ ನೆಲವನ್ನು ವಿಜ್ಞಾನಿಗಳು ಕೆಲವು ದೊಡ್ಡ ಜೀವವಲಯಗಳಾಗಿ ವಿಂಗಡಿಸುತ್ತಾರೆ: ಮಳೆಕಾಡು, ಎಲೆಯುದುರುವ ಕಾಡು, ಹುಲ್ಲುಗಾವಲು, ಮರುಭೂಮಿ, ಉತ್ತರದ ಸೂಚಿಪರ್ಣ ಕಾಡು, ಅದಕ್ಕೂ ಉತ್ತರದ ಹಿಮದ ಬಯಲು. ಈ ವಿಂಗಡಣೆಗೆ ಆಧಾರವೇನು? ಮುಖ್ಯವಾಗಿ ಎರಡೇ; ಮಳೆ ಎಷ್ಟು, ಸೆಕೆ ಎಷ್ಟು. ಇದು ನಮಗೆ ಹೊಸ ವಿದ್ಯೆಯೇನೂ ಅಲ್ಲ. ನಮ್ಮ ಹಿರಿಯರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದು ಅದೇ ಬುದ್ಧಿಯಿಂದ. ನೀರು ಬಹುಕಾಲ ನಿಲ್ಲುವ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದೇ. ಅಮೆಜಾನಿನ ಕಾಡಿಗೂ ಸಹಾರಾ ಮರಳಿಗೂ ಇರುವ ಭೇದವು ಬೈಲಿಗೂ ಬೆಟ್ಟಿಗೂ ಇರುವ ಭೇದದ ದೊಡ್ಡ ರೂಪವೆಂದು ತಿಳಿಯಿರಿ.

ನಮ್ಮ ರಾಜ್ಯದಲ್ಲೇ ಇದನ್ನು ಕಾಣಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,500 ಮಿ.ಮೀ. ಮಳೆ, ಅಲ್ಲಿ ನಿತ್ಯಹಸಿರು ಕಾಡು. ಘಟ್ಟದ ಬೆನ್ನಿನಾಚೆ ಮೋಡ ಬರಿದಾಗುತ್ತ ಹೋಗಿ, ಚಳ್ಳಕೆರೆಯ ಕಡೆ 500 ಮಿ.ಮೀ. ಸುಮಾರಿಗೆ ಇಳಿಯುವುದು, ಅಲ್ಲಿ ಜಾಲಿ, ಮುಳ್ಳುಗಿಡ, ಹುಲ್ಲು, ಕುರಿ. ಒಂದೇ ಮುಂಗಾರಿನ ಗಾಳಿ, ಎರಡು ಲೋಕ. ಸೆಕೆಯ ಲೆಕ್ಕವನ್ನು ಕುದುರೆಮುಖದಲ್ಲಿ ನೋಡಬಹುದು. ಸಾವಿರ ಮೀಟರು ಏರಿದರೆ ಸುಮಾರು 6 ಡಿಗ್ರಿ ಸೆಕೆ ಕಡಿಮೆಯಾಗುವುದು. ಸುಮಾರು 1,890 ಮೀಟರ್ ಎತ್ತರದ ಆ ಶಿಖರದ ಸುತ್ತ ಮಳೆ ಧಾರಾಳವಿದ್ದರೂ ಎಲ್ಲೆಲ್ಲೂ ಕಾಡಿಲ್ಲ. ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ಬೋಳು ಬೆನ್ನಿನ ಮೇಲೆ ಹುಲ್ಲು. ಗಾಳಿಯ ಹೊಡೆತ, ತೆಳುವಾದ ಮಣ್ಣು, ಚಳಿ, ಆಗಾಗ ಬೀಳುವ ಬೆಂಕಿ ಇವೆಲ್ಲ ಸೇರಿ ಅಲ್ಲಿ ಹುಲ್ಲನ್ನು ಕಾಯ್ದುಕೊಂಡಿವೆ. ಆ ಹುಲ್ಲು ಕಡಿದು ಹಾಳಾದ ಕಾಡೆಂದು ಭಾವಿಸುವುದು ತಪ್ಪು.

ಇನ್ನು ನೀರಿಗೆ ಬರೋಣ. ನೀರೊಳಗಿನ ಜೀವಕ್ಕೆ ಮಳೆಯ ಚಿಂತೆಯಿಲ್ಲ. ಅಲ್ಲಿನ ಪ್ರಶ್ನೆಗಳು ಬೇರೆ: ಉಪ್ಪು ಎಷ್ಟು? ಬೆಳಕು ಎಲ್ಲಿಯವರೆಗೆ ಇಳಿಯುವುದು? ನೀರು ಹರಿಯುವುದೋ, ನಿಂತಿರುವುದೋ? ಅದರಲ್ಲಿ ಕರಗಿದ ಪ್ರಾಣವಾಯು ಎಷ್ಟು? ಒಂದು ಲೀಟರ್ ಗಾಳಿಯಲ್ಲಿರುವ ಪ್ರಾಣವಾಯುವಿನ ಮೂವತ್ತನೆಯ ಒಂದು ಪಾಲು ಕೂಡ ಒಂದು ಲೀಟರ್ ಬೆಚ್ಚನೆಯ ನೀರಿನಲ್ಲಿರದು. ಬೇಸಗೆಯಲ್ಲಿ ಹಾವಸೆ ಕಟ್ಟಿದ ಕೆರೆಯಲ್ಲಿ ಬೆಳಗಿನ ಜಾವ ಮೀನುಗಳು ಬಾಯಿ ಮೇಲೆತ್ತಿ ಒದ್ದಾಡುವುದನ್ನು ನೀವು ಕಂಡಿರಬಹುದು. ಯಾರೋ ವಿಷ ಹಾಕಿದರೆಂದು ಊರಲ್ಲಿ ಗುಲ್ಲಾಗುವುದು. ಹಲವು ಸಲ ವಿಷವೇ ಇರುವುದಿಲ್ಲ. ಹಾವಸೆಯೂ ರಾತ್ರಿಯೆಲ್ಲ ಉಸಿರಾಡಿ ಇದ್ದ ಪ್ರಾಣವಾಯುವನ್ನು ಮುಗಿಸಿರುತ್ತದೆ. ಗೊಬ್ಬರ ಬೆರೆತ ನೀರು ಕೆರೆಗೆ ಹರಿದಷ್ಟೂ ಹಾವಸೆ ಹೆಚ್ಚುವುದು.

ಕಡಲಿನದು ಎಲ್ಲಕ್ಕಿಂತ ವಿಚಿತ್ರವಾದ ಲೆಕ್ಕ. ಕಡಲಿನ ಸರಾಸರಿ ಆಳ ಸುಮಾರು 3,700 ಮೀಟರ್. ಆದರೆ 200 ಮೀಟರಿನ ಕೆಳಗೆ ಸಸ್ಯ ಬೆಳೆಯಲು ಸಾಕಾಗುವ ಬೆಳಕಿಲ್ಲ. ಆದ್ದರಿಂದ ಕಡಲಿನ ಬೇಸಾಯವೆಲ್ಲ ಮೇಲಿನ ತೆಳು ಪದರದಲ್ಲೇ ನಡೆಯಬೇಕು. ಅದನ್ನು ನಡೆಸುವವು ಬರಿಗಣ್ಣಿಗೆ ಕಾಣದ ತೇಲುಸಸ್ಯಗಳು. ನೆಲದ ಗಿಡಮರಗಳನ್ನೆಲ್ಲ ಒಂದು ತಕ್ಕಡಿಯಲ್ಲಿಟ್ಟರೆ, ಕಡಲಿನ ಸಸ್ಯಗಳೆಲ್ಲ ಕೂಡಿ ಅದರ ನೂರರಲ್ಲೊಂದು ಪಾಲೂ ತೂಗವು. ಆದರೆ ಭೂಮಿಯ ಮೇಲೆ ವರ್ಷವೊಂದಕ್ಕೆ ಸಸ್ಯಗಳು ಮಾಡುವ ಹೊಸ ಬೆಳೆಯಲ್ಲಿ ಹೆಚ್ಚು ಕಡಿಮೆ ಅರ್ಧ ಪಾಲು ಕಡಲಿನದೇ! ಇದು ಹೇಗೆಂದರೆ, ನೆಲದ ಮರ ನೂರು ವರ್ಷ ನಿಂತು ಮೈ ಬೆಳೆಸುವುದು. ಕಡಲಿನ ತೇಲುಸಸ್ಯ ಕೆಲವೇ ದಿನಗಳಲ್ಲಿ ಹುಟ್ಟಿ, ಇಮ್ಮಡಿಸಿ, ಇನ್ನೊಂದರ ಹೊಟ್ಟೆ ಸೇರುವುದು. ಒಂದು ಕೂಡಿಟ್ಟ ಕಣಜ, ಇನ್ನೊಂದು ದಿನದ ವ್ಯಾಪಾರ. ಕಣಜದಲ್ಲಿ ಕಾಣುವುದನ್ನೇ ನೋಡಿ ಮನೆಯ ಸ್ಥಿತಿ ಹೇಳಿದರೆ ಲೆಕ್ಕ ತಪ್ಪುತ್ತದೆ.

ಗೊಬ್ಬರದ ವಿಷಯದಲ್ಲೂ ನೆಲಕ್ಕೂ ಕಡಲಿಗೂ ಭೇದವಿದೆ. ಕಾಡಿನಲ್ಲಿ ಉದುರಿದ ಎಲೆ ಮರದ ಬುಡದಲ್ಲೇ ಕೊಳೆತು ಬೇರಿಗೆ ಸೇರುವುದು. ಕಡಲಿನಲ್ಲಿ ಸತ್ತದ್ದು ಕತ್ತಲೆಯ ಆಳಕ್ಕೆ ಮುಳುಗುವುದು. ಬೆಳಕು ಮೇಲೆ, ಗೊಬ್ಬರ ಕೆಳಗೆ. ಎರಡೂ ಸೇರದೆ ಬೆಳೆಯಿಲ್ಲ. ಅದಕ್ಕಾಗಿಯೇ ನೀಲಿಯಾಗಿ ಹೊಳೆಯುವ ನಡುಗಡಲು ಒಂದು ರೀತಿಯಲ್ಲಿ ಮರುಭೂಮಿ. ನಮ್ಮ ಕರಾವಳಿಗೆ ಮಾತ್ರ ಒಂದು ಭಾಗ್ಯವಿದೆ. ಜೂನಿನಿಂದ ಸೆಪ್ಟೆಂಬರವರೆಗೆ ಕರಾವಳಿಯುದ್ದಕ್ಕೂ ಬೀಸುವ ಗಾಳಿ ಮೇಲಿನ ನೀರನ್ನು ದಡದಿಂದ ಆಚೆಗೆ ಸರಿಸುತ್ತದೆ. ಆ ಜಾಗ ತುಂಬಲು ಆಳದ ತಣ್ಣನೆಯ ನೀರು ಗೊಬ್ಬರದೊಡನೆ ಮೇಲೇರುತ್ತದೆ. ಗದ್ದೆಯಲ್ಲಿ ನಾವು ಉಳುವ ಹೊತ್ತಿಗೆ ಕಡಲಲ್ಲೂ ಉಳುಮೆ! ಹಾಗೆ ಬೆಳೆದ ತೇಲುಸಸ್ಯವೇ ಬೂತಾಯಿಯ ಮುಖ್ಯ ಆಹಾರ. ಬಂಗುಡೆಗೂ ಅದರಲ್ಲಿ ಪಾಲುಂಟು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳನ್ನು ಕಡಲಿಗಿಳಿಸಬಾರದೆಂಬ ನಿಯಮ ಈ ತಿಂಗಳುಗಳಿಗೇ ಏಕೆ ಬಂತೆಂದು ಕೇಳುವವರಿಗೆ ಉತ್ತರದ ಒಂದು ಭಾಗ ಇಲ್ಲಿದೆ: ಗಾಳಿಯ ಅಪಾಯ ಒಂದಾದರೆ, ಮೀನು ಮೊಟ್ಟೆಯಿಟ್ಟು ಬೆಳೆಯುವ ಕಾಲವೆಂಬುದು ಇನ್ನೊಂದು.

ನೆಲದ ನೀರು ಕಡಲಿಗೆ ಸೇರುವ ಅಳಿವೆಯಲ್ಲಿ ಎರಡೂ ಲೆಕ್ಕ ಕೂಡುತ್ತವೆ. ಮುಂಡ್ಕೂರು, ಸಂಕಲಕರಿಯದ ಬಳಿ ಹರಿದು ಮೂಲ್ಕಿಯಲ್ಲಿ ಕಡಲು ಸೇರುವ ಶಾಂಭವಿಯನ್ನೇ ನೋಡಿರಿ. ಮಳೆಗಾಲದಲ್ಲಿ ಕೆಂಪು ಸಿಹಿನೀರು ಕಡಲವರೆಗೂ ನುಗ್ಗುವುದು. ಬೇಸಗೆಯಲ್ಲಿ ಉಬ್ಬರದ ಉಪ್ಪುನೀರು ಹೊಳೆಯೊಳಗೆ ಮೇಲಕ್ಕೆ ಬರುವುದು. ಇಂಥ ಕಡೆ ಬಾಳುವ ಕಾಂಡ್ಲ ಗಿಡಕ್ಕೂ ಮರುವಾಯಿಗೂ ಎರಡನ್ನೂ ತಾಳಿಕೊಳ್ಳುವ ಶಕ್ತಿ ಬೇಕು. ಸಿಹಿನೀರಿನ ಹರಿವು ಬೇಗ ನಿಂತಷ್ಟೂ ಉಪ್ಪು ಮುಂದಕ್ಕೆ ಬರುವುದು. ಘಟ್ಟದ ಕಡೆಯ ತೋಡು ಒಣಗಿದರೆ ಅಳಿವೆಯ ಹತ್ತಿರದವನ ಬಾವಿ ಉಪ್ಪಾಗಬಹುದು.

ಈಗ ನಾವು ನಿಂತ ಪದವಿಗೇ ಮರಳೋಣ. ಈ ಪಾಠವನ್ನು ಬರೆಯಲು ಅದೇ ಕಾರಣ.

ನಮಗೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ. ಅಮೆಜಾನಿನ ಹೆಚ್ಚಿನ ಕಾಡಿಗೆ ಇಷ್ಟಿಲ್ಲ. ಆದರೂ ಏಪ್ರಿಲಿನಲ್ಲಿ ಬಾವಿಯ ತಳ ಕಾಣುವುದೇಕೆ? ಅಲ್ಲಿ ಮಳೆ ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಹಂಚಿ ಬೀಳುವುದು. ನಮ್ಮಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಹೋಗುವುದು, ಕಡಲೂ ಹತ್ತಿರ. ಮುರಕಲ್ಲಿನ ಪಾದೆಯು ಇದರಿಂದ ಒಂದೇ ವರ್ಷದಲ್ಲಿ ಎರಡು ಜೀವವಲಯವಾಗುತ್ತದೆ. ಜುಲೈಯಲ್ಲಿ ಅದರ ಗುಂಡಿಗಳೆಲ್ಲ ಕೆರೆ; ಮಾರ್ಚಿಯಲ್ಲಿ ಅದು ಬರಿಗಾಲಿಡಲಾಗದ ಮರುಭೂಮಿ. ನಾನೂ ಬಹುಕಾಲ ಪಾದೆಯನ್ನು ಹಪ್ಪಳ ಒಣಗಿಸುವ ಜಾಗವೆಂದೇ ತಿಳಿದಿದ್ದೆನು. ಶ್ರಾವಣದಲ್ಲಿ ಬಗ್ಗಿ ನೋಡಿದರೆ ಅಲ್ಲಿ ಅಂಗೈಯಗಲದ ಮಣ್ಣಿನಲ್ಲಿ ನೀಲಿ, ಬಿಳಿ ಹೂಗಳ ಹಾಸು. ಕೆಲವು ಗಿಡಗಳು ಹುಳ ಹಿಡಿದು ತಿನ್ನುವಂಥವು. ಮಣ್ಣಿನಲ್ಲಿ ಸಾರಜನಕ ಇಲ್ಲದಾಗ ಪಾಪ, ಅವು ಮತ್ತೇನು ಮಾಡಬೇಕು? 2016ರಲ್ಲಿ ವಿಜ್ಞಾನಿಗಳು ಮಣಿಪಾಲದ ಸುತ್ತಲಿನ ಪಾದೆಗಳಿಂದ ಹೊಸ ಜಾತಿಯ ಕಪ್ಪೆಯೊಂದನ್ನು ಲೋಕಕ್ಕೆ ತಿಳಿಸಿದರು. ಉದ್ದ ಒಂದೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು. ಕೂಗು ಜೀರುಂಡೆಯದೆಂದು ಮೋಸಹೋಗುವ ಹಾಗೆ. ಮುರಕಲ್ಲಿನ ಹೆಸರನ್ನೇ ಅದಕ್ಕೆ ಕೊಟ್ಟು ‘ಮೈಕ್ರೊಹೈಲ ಲ್ಯಾಟರೈಟ್’ ಎಂದರು. ವಿಶ್ವವಿದ್ಯಾಲಯದ ಊರಿನಲ್ಲಿ ಅಷ್ಟು ವರ್ಷ ಕೂಗುತ್ತಿದ್ದರೂ ಯಾರಿಗೂ ಹೆಸರು ತಿಳಿದಿರಲಿಲ್ಲ.

ಕಪ್ಪೆಯ ಮಾತು ಹಾಗಿರಲಿ, ಬಾವಿಯ ಮಾತು ಕೇಳಿರಿ. ಪಾದೆಯ ತಗ್ಗಿನಲ್ಲೂ ಮದಗದಲ್ಲೂ ನಿಂತ ನೀರು ಮುರಕಲ್ಲಿನ ಬಿರುಕು, ತೂತುಗಳಲ್ಲಿ ಇಳಿದು, ಕೆಳಗಿನ ಶೇಡಿ ಮಣ್ಣಿನ ಪದರದ ಮೇಲೆ ಮೆಲ್ಲಗೆ ಸರಿಯುತ್ತ ಬೈಲಿನ ಬಾವಿಗೂ ತೋಡಿಗೂ ಬರುತ್ತದೆ. ಹಾಗಿರುವಲ್ಲಿ ನಾವು ಪದವನ್ನು ಮರವಿಲ್ಲದ ಪಾಳುಭೂಮಿ ಎಂದು ಕರೆದು, ಒಂದು ಕಡೆ ಕಲ್ಲು ಕೋರೆ ತೆಗೆದು, ಇನ್ನೊಂದು ಕಡೆ ಹಸಿರಾಗಲೆಂದು ಅಕೇಶಿಯಾ ನೆಟ್ಟು, ಮದಗವನ್ನು ಮಣ್ಣು ಹಾಕಿ ಮುಚ್ಚಿ ಸೈಟು ಮಾಡಿದೆವು. ಕಲ್ಲು ಬೇಡವೆಂದಲ್ಲ, ನಾನು ಕುಳಿತು ಬರೆಯುತ್ತಿರುವ ಮನೆಯೂ ಮುರಕಲ್ಲಿನದೇ. ಆದರೆ ಯಾವ ಪದವಿನ ನೀರು ಯಾರ ಬಾವಿಗೆ ಹೋಗುವುದೆಂದು ವಿಚಾರಿಸದೆ ಕೋರೆಗೆ ಒಪ್ಪಿಗೆ ಕೊಡುವುದು, ಅಳತೆ ಮಾಡದೆ ಬಟ್ಟೆ ಹರಿದಂತೆ. ಬೆಟ್ಟು ಗದ್ದೆಯನ್ನು ಹಡಿಲು ಬಿಟ್ಟಾಗಲೂ ಇದೇ ನಷ್ಟ: ಹುಣಿ ಒಡೆದು, ತಿಂಗಳುಗಟ್ಟಲೆ ನಿಂತು ಇಂಗುತ್ತಿದ್ದ ನೀರು ಒಂದೇ ರಾತ್ರಿಯಲ್ಲಿ ತೋಡು ಸೇರುವುದು.

ಓದುಗರು ತಾವೇ ಮಾಡಿ ನೋಡಬಹುದಾದ ಒಂದು ಅಭ್ಯಾಸ ಹೇಳುತ್ತೇನೆ. ಶಾಲೆಯ ಮಕ್ಕಳನ್ನೂ ಸೇರಿಸಿಕೊಳ್ಳಿರಿ. ದೀಪಾವಳಿ, ಶಿವರಾತ್ರಿ, ಬಿಸು ಈ ಮೂರು ದಿನ ನಿಮ್ಮ ಬಾವಿಕಟ್ಟೆಯಿಂದ ನೀರಿನವರೆಗಿನ ಆಳವನ್ನು ಹಗ್ಗಕ್ಕೆ ಕಲ್ಲು ಕಟ್ಟಿ ಅಳೆಯಿರಿ, ತಾರೀಕಿನೊಡನೆ ಬರೆದಿಡಿರಿ. ನಿಮ್ಮ ಮೇಲಿನ ಪದವಿನಲ್ಲಿ ಮಳೆಗಾಲದಲ್ಲಿ ಎಷ್ಟು ಗುಂಡಿಗಳಲ್ಲಿ ನೀರು ನಿಂತಿತ್ತು, ಎಷ್ಟು ದಿನ ನಿಂತಿತ್ತು, ತೋಡಿಗೆ ಕಟ್ಟ ಹಾಕಿದ್ದು ಯಾವಾಗ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಮೂರು ವರ್ಷ ಹೀಗೆ ಮಾಡಿದ ಪುಸ್ತಕವನ್ನು ಹಿಡಿದುಕೊಂಡು ಗ್ರಾಮಸಭೆಗೆ ಹೋಗಿರಿ. ಕೋರೆಯ ಅರ್ಜಿಯೋ ಮದಗ ಮುಚ್ಚುವ ಮಾತೋ ಬಂದ ದಿನ ಅದನ್ನು ಮೇಜಿನ ಮೇಲೆ ತೆರೆದಿಡಿರಿ.