ಮರಿ ತಿಂದರೂ ಸೊರಗುವುದೇಕೆ? (ಕೋಳಿಯ ಕರುಳು, ರಕ್ತಭೇದಿ ಮತ್ತು ವಂಶವಾಹಿಗಳು)



ಈ ತಿಂಗಳ ಗೋಡೆ ಪತ್ರಿಕೆಗೆ ವಿಜ್ಞಾನದ ಪಾಠ ಬರೆಯುವ ಸರದಿ ನನ್ನದು. ಮೊದಲು ಗ್ರಹಣದ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ನಮ್ಮ ಮನೆಯ ಕೋಳಿಮರಿಗಳು ಸತ್ತವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕರಿ ಹೇಂಟೆಯನ್ನು ಅವ್ವ ಹನ್ನೆರಡು ಮೊಟ್ಟೆಗೆ ಕಾವು ಕೂರಿಸಿದ್ದಳು. ಹನ್ನೊಂದು ಮರಿ ಆದವು. ದೀಪಾವಳಿ ಹೊತ್ತಿಗೆ ಮಾರಿ ಅಂಗಡಿ ಸಾಲ ತೀರಿಸೋಣ ಅಂತ ಲೆಕ್ಕ ಹಾಕಿದ್ದಳು. ಮರಿಗಳಿಗೆ ನುಚ್ಚು, ನೀರು ಇಡುವುದು ನನ್ನ ಕೆಲಸ. ಮರಿಗೆ ನಾಲ್ಕು ವಾರ ಆದಾಗ ಮಳೆ ಹಿಡಿಯಿತು. ಒಂದು ವಾರ ಕಳೆಯುವಷ್ಟರಲ್ಲಿ ಮರಿಗಳು ರೆಕ್ಕೆ ಇಳಿಬಿಟ್ಟುಕೊಂಡು ಮೂಲೆಯಲ್ಲಿ ಗುಂಪಾಗಿ ಕೂತುಬಿಟ್ಟವು. ಹಿಕ್ಕೆಯಲ್ಲಿ ರಕ್ತ. ಮೂರು ದಿನದಲ್ಲಿ ಐದು ಸತ್ತವು. ಎತ್ತಿಕೊಂಡರೆ ಎದೆ ಮೂಳೆ ಕೈಗೆ ಚುಚ್ಚುತ್ತಿತ್ತು, ಅಷ್ಟು ಸೊರಗಿದ್ದವು.

"ಏನೇ, ನುಚ್ಚು ಹಾಕ್ದೆ ಆಟಕ್ಕೆ ಹೋಗ್ತಿದ್ದಾ?" ಎಂದು ಅವ್ವ ಬೈದಳು. "ದಿನಾ ಎರಡು ಹೊತ್ತು ಹಾಕಿದೀನಿ ಕಣವ್ವಾ" ಅಂದರೂ ನಂಬಲಿಲ್ಲ. ಅಜ್ಜಿ, ಯಾರದೋ ಕಣ್ಣು ಬಿದ್ದದೆ ಅಂದರು. ಪಕ್ಕದ ಮನೆಯವರು ಕೊಕ್ಕರೆ ರೋಗ ಅಂದರು. (ನಮ್ಮೂರಲ್ಲಿ ಕೋಳಿ ಯಾವುದರಿಂದ ಸತ್ತರೂ ಅದು ಕೊಕ್ಕರೆ ರೋಗವೇ.)

ಅಪ್ಪ ಸತ್ತ ಮರಿಯೊಂದನ್ನು ಪಶು ಆಸ್ಪತ್ರೆಗೆ ತೆಗೆದುಕೊಂಡು ಹೊರಟರು. ನಾನೂ ಹಟ ಮಾಡಿ ಹೋದೆ. ಡಾಕ್ಟರು ಮರಿಯನ್ನು ಕುಯ್ದು ತೋರಿಸಿದರು. ಕೋಳಿಗೆ ಕತ್ತಿನ ಬುಡದಲ್ಲಿ ಮೇವು ತುಂಬಿಕೊಳ್ಳುವ ಚೀಲ ಇರುತ್ತದಲ್ಲ, ಅದರಲ್ಲಿ ನುಚ್ಚು ಇತ್ತು! "ಮರಿ ಉಪವಾಸ ಇರಲಿಲ್ಲಮ್ಮ" ಅಂದರು. ನನಗೆ ಅಳು ಬಂತು. ಆಮೇಲೆ ಕರುಳು ಬಿಡಿಸಿದರು. ಕರುಳಿನ ಕೊನೆಯಲ್ಲಿ ಎರಡು ಕುರುಡು ಕರುಳು ಇರುತ್ತವೆ, ಅಂದರೆ ಒಂದು ತುದಿ ಮುಚ್ಚಿದ ಕೊಳವೆಗಳು. ಅವು ರಕ್ತದಿಂದ ಊದಿಕೊಂಡಿದ್ದವು. ಸಣ್ಣ ಕರುಳೂ ದಪ್ಪಗಾಗಿ ಚುಕ್ಕಿ ಚುಕ್ಕಿ ಆಗಿತ್ತು. ಇದು ಕೊಕ್ಕರೆ ರೋಗ ಅಲ್ಲ, ಅದು ವೈರಸ್ಸಿನಿಂದ ಬರುವುದು. ಇದು ಕಾಕ್ಸಿಡಿಯೋಸಿಸ್, ಅಂದರೆ ಮರಿಗಳ ರಕ್ತಭೇದಿ ಎಂದರು.

ಹಾಗಾದರೆ ತಿಂದದ್ದು ಎಲ್ಲಿ ಹೋಯಿತು? ಡಾಕ್ಟರು ಸ್ವಲ್ಪ ಹೇಳಿದರು. ಉಳಿದದ್ದನ್ನು ನಮ್ಮ ವಿಜ್ಞಾನದ ಮೇಷ್ಟ್ರು ಓದಿ ಬಿಡಿಸಿ ಹೇಳಿದರು.

ಈ ರೋಗ ತರುವ ಪರಾವಲಂಬಿಯ ಹೆಸರು ಐಮೀರಿಯಾ. ಇದು ಹುಳು ಅಲ್ಲ, ಒಂದೇ ಜೀವಕೋಶದ ಜೀವಿ. ರೋಗದ ಕೋಳಿಯ ಹಿಕ್ಕೆಯಲ್ಲಿ ಇದರ ಮೊಟ್ಟೆಯಂಥ ಕಣಗಳು ಬೀಳುತ್ತವೆ. ಒಂದು ಮಿಲಿಮೀಟರಿನಲ್ಲಿ ಸುಮಾರು 45 ಕಣ ಸಾಲಾಗಿ ನಿಲ್ಲಬಹುದು, ಅಷ್ಟು ಚಿಕ್ಕವು. ಒದ್ದೆ, ಬೆಚ್ಚಗೆ, ಗಾಳಿ ಇದ್ದರೆ ಒಂದೆರಡು ದಿನದಲ್ಲಿ ಅವು ರೋಗ ತರುವಷ್ಟು ಬಲಿಯುತ್ತವೆ. ಮರಿ ಕೆದಕಿ ತಿನ್ನುತ್ತದೆ. ಕಾಳು ಅರೆಯುವ ಗಟ್ಟಿ ಹೊಟ್ಟೆಯಲ್ಲಿ ಕಣದ ಸಿಪ್ಪೆ ಒಡೆಯುತ್ತದೆ. ಒಂದು ಕಣದಿಂದ ಎಂಟು ಜೀವಿಗಳು ಹೊರಬಂದು ಕರುಳಿನ ಗೋಡೆಯ ಜೀವಕೋಶಗಳ ಒಳಗೇ ನುಗ್ಗುತ್ತವೆ. ಅಲ್ಲಿ ಮರಿಮಾಡಿ, ಕೋಶ ಒಡೆದು, ಪಕ್ಕದ ಕೋಶಕ್ಕೆ ಹೋಗುತ್ತವೆ. ಒಂದು ವಾರದೊಳಗೆ ಮತ್ತೆ ಹಿಕ್ಕೆಯಲ್ಲಿ ಹೊಸ ಕಣ. ಕೋಳಿಗೆ ಬರುವ ಐಮೀರಿಯಾ ಏಳು ಜಾತಿ ಎಂದು ಪುಸ್ತಕಗಳಲ್ಲಿದೆ. ಐಮೀರಿಯಾ ಟೆನೆಲ್ಲಾ ಕುರುಡು ಕರುಳಲ್ಲಿ ರಕ್ತ ಸುರಿಸುತ್ತದೆ, ಐಮೀರಿಯಾ ಮ್ಯಾಕ್ಸಿಮಾ ಸಣ್ಣ ಕರುಳಿನ ನಡುವೆ ಇರುತ್ತದೆ. ಒಂದೇ ಮರಿಯಲ್ಲಿ ಎರಡು ಮೂರು ಜಾತಿ ಸೇರಿರುವುದೂ ಉಂಟು. (ಪಕ್ಕದಲ್ಲಿ ಚಿತ್ರ ಬರೆದಿದ್ದೇನೆ. ಕೆಂಪು ಪೆನ್ಸಿಲ್ ಮುಗಿದಿದ್ದರಿಂದ ಒಂದು ಕರುಳು ಮಾತ್ರ ಕೆಂಪಗಿದೆ.)

ಈಗ ಮುಖ್ಯ ವಿಷಯಕ್ಕೆ ಬರೋಣ. ಕೋಳಿಯ ಪ್ರತಿ ಜೀವಕೋಶದಲ್ಲೂ 39 ಜೊತೆ ವರ್ಣತಂತುಗಳಿವೆ. ಅವುಗಳಲ್ಲಿ ವಂಶವಾಹಿಗಳು (ಜೀನುಗಳು) ಇವೆ. ನಮ್ಮ ಸಾಕು ಕೋಳಿಗಳ ಮೂಲ ಕೆಂಪು ಕಾಡುಕೋಳಿ. ವಿಜ್ಞಾನಿಗಳು 2004ರಲ್ಲಿ ಅದರ ವಂಶವಾಹಿ ಬರಹವನ್ನು ಓದಿ ಕರಡು ರೂಪದಲ್ಲಿ ಪ್ರಕಟಿಸಿದರು. ಅದರಲ್ಲಿ ಸುಮಾರು 100 ಕೋಟಿ ಅಕ್ಷರಗಳು. ವಂಶವಾಹಿಗಳು 20,000ದಿಂದ 23,000 ಇರಬಹುದು ಎಂದು ಆಗ ಅಂದಾಜು ಮಾಡಿದರು. ಕಣ್ಣಿನ ಕೋಶವಾಗಲಿ ಕರುಳಿನ ಕೋಶವಾಗಲಿ, ಒಳಗಿರುವ ಬರಹ ಒಂದೇ. ಆದರೆ ಎಲ್ಲ ಕೋಶವೂ ಎಲ್ಲ ವಂಶವಾಹಿಯನ್ನೂ ಕೆಲಸಕ್ಕೆ ಹಚ್ಚುವುದಿಲ್ಲ. ಕೆಲವು ಚುರುಕಾಗಿರುತ್ತವೆ, ಕೆಲವು ಸುಮ್ಮನಿರುತ್ತವೆ.

ನಮ್ಮೂರಿನ ಕಣದಲ್ಲಿ ಹೋದ ವರ್ಷ ಬಣವೆಗೆ ಬೆಂಕಿ ಬಿದ್ದದ್ದು ನೆನಪಿದೆಯಲ್ಲ? ರಾಗಿ ತೂರುತ್ತಿದ್ದವರು ಮೊರ ಬಿಸಾಕಿ ಬಿಂದಿಗೆ ಹಿಡಿದು ಓಡಿದರು. ಕೈ ಅದೇ, ಜನ ಅದೇ, ಕೆಲಸ ಬೇರೆ. ಅವತ್ತು ರಾಗಿ ಅಲ್ಲೇ ಉಳಿಯಿತು. ಐಮೀರಿಯಾ ನುಗ್ಗಿದಾಗ ಕರುಳಿನಲ್ಲೂ ಹೀಗೇ ಆಗುತ್ತದೆ. ರೋಗ ವಂಶವಾಹಿಗಳನ್ನು ಅಳಿಸಿ ಬೇರೆ ಬರೆಯುವುದಿಲ್ಲ. ಯಾವುದು ಚುರುಕು, ಯಾವುದು ಮಂಕು ಎಂಬುದು ಬದಲಾಗುತ್ತದೆ.

ಇದನ್ನು ಹೇಗೆ ಕಂಡುಹಿಡಿಯುತ್ತಾರೆ? ವಂಶವಾಹಿ ಕೆಲಸ ಮಾಡುವಾಗ ತನ್ನ ಬರಹದ ನಕಲು ತೆಗೆದು ಹೊರಗೆ ಕಳಿಸುತ್ತದೆ. ಆ ನಕಲಿಗೆ ಆರ್‌ಎನ್‌ಎ ಎಂದು ಹೆಸರು. ಅದನ್ನು ನೋಡಿಕೊಂಡು ಕೋಶ ಸಸಾರಜನಕ ತಯಾರಿಸುತ್ತದೆ. ಒಂದೇ ವಯಸ್ಸಿನ ಮರಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಪರಾವಲಂಬಿ ಕೊಟ್ಟು, ಎರಡೂ ಗುಂಪಿನ ಕರುಳಿನ ಚೂರಿನಲ್ಲಿ ಯಾವ ನಕಲು ಎಷ್ಟಿದೆ ಎಂದು ಅಳೆಯುತ್ತಾರೆ. ನಕಲು ಜಾಸ್ತಿ ಇದ್ದರೆ ಆ ವಂಶವಾಹಿ ಚುರುಕಾಗಿದೆ ಎಂದರ್ಥ.

ಹೀಗೆ ಅಳೆದಾಗ ಇಂಟರ್‌ಫೆರಾನ್ ಗಾಮಾ ಎಂಬುದರ ವಂಶವಾಹಿ ತುಂಬಾ ಚುರುಕಾಗಿರುವುದು ಕಂಡಿತು. ಇದು ಕೂಗಿ ಎಬ್ಬಿಸುವ ತಳವಾರನ ಹಾಗೆ. ಇದರ ಕೂಗಿಗೆ ರಕ್ಷಣಾ ಕೋಶಗಳು ಎದ್ದು ಬರುತ್ತವೆ, ಕೋಶದೊಳಗೆ ಐಮೀರಿಯಾ ಮರಿಮಾಡುವುದು ಕಡಿಮೆಯಾಗುತ್ತದೆ. ಇಂಟರ್‌ಲ್ಯೂಕಿನ್-10 ಎಂಬ ಇನ್ನೊಂದು ಇದೆ, ಅದು ಬ್ರೇಕು. ರೋಗಕ್ಕೆ ಬೇಗ ತುತ್ತಾಗುವ ಒಂದು ಕೋಳಿ ತಳಿಯಲ್ಲಿ ಈ ಬ್ರೇಕಿನ ವಂಶವಾಹಿಯೇ ಹೆಚ್ಚು ಚುರುಕಾಗಿತ್ತು ಎಂದು 2004ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿದೆ. ಬೆಂಕಿ ಬಿದ್ದಾಗ ತಳವಾರನ ಬಾಯಿ ಮುಚ್ಚಿಸಿದರೆ ಏನಾದೀತು, ನೀವೇ ಯೋಚಿಸಿ.

ನನ್ನ ಪ್ರಶ್ನೆಗೆ ಉತ್ತರ ಇದರ ಇನ್ನೊಂದು ಪಕ್ಕದಲ್ಲಿದೆ. ಅರಗಿದ ಅನ್ನದಲ್ಲಿರುವ ಸಕ್ಕರೆ, ಅಮೈನೋ ಆಮ್ಲಗಳು ತಾವಾಗಿ ಕರುಳಿನ ಗೋಡೆ ದಾಟಲಾರವು. ಕೋಶದ ಮೇಲೆ ಕೂತ ಹಮಾಲಿಗಳಂಥ ಸಸಾರಜನಕಗಳು ಅವನ್ನು ಒಳಗೆ ಹೊರುತ್ತವೆ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಮತ್ತು ಬೆಲ್ಟ್ಸ್‌ವಿಲ್‌ನ ಕೃಷಿ ಸಂಶೋಧನಾ ಕೇಂದ್ರದವರು ಐಮೀರಿಯಾ ತಗುಲಿದ ಮರಿಗಳ ಕರುಳನ್ನು ಪರೀಕ್ಷಿಸಿದಾಗ ಈ ಹಮಾಲಿಗಳ ಪೈಕಿ ಹಲವುದರ ವಂಶವಾಹಿ ಮಂಕಾಗಿತ್ತು. ನುಚ್ಚು ಬಾಗಿಲವರೆಗೆ ಬಂದಿದೆ, ಒಳಗೆ ಹೊರುವವರಿಲ್ಲ! ಕೋಶಗಳೂ ಒಡೆದಿರುತ್ತವೆ, ಆ ಜಾಗಕ್ಕೆ ಬರುವ ಎಳೆಯ ಕೋಶಗಳಿಗೆ ಹೊರುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಜೊತೆಗೆ ರೋಗ ಜೋರಾದ ಮೇಲೆ ಮರಿ ತಿನ್ನುವುದನ್ನೂ ಬಿಡುತ್ತದೆ. ಕೋಶ ಬೇಕೆಂದೇ ಬಾಗಿಲು ಹಾಕಿಕೊಳ್ಳುತ್ತದೋ ಏನೋ, ಒಳಗಿನ ಕಳ್ಳನಿಗೆ ಊಟ ಸಿಗಬಾರದು ಅಂತ, ಎಂಬ ಊಹೆಯೂ ಇದೆ. ನನಗೆ ಇದೇ ಬಹಳ ಇಷ್ಟವಾದ ಮಾತು.

ಎಲ್ಲ ಪರಾವಲಂಬಿಗೂ ಒಂದೇ ಉತ್ತರ ಅಲ್ಲ. ಹಬ್ಬಕ್ಕೆ ಕೋಳಿ ಕುಯ್ದಾಗ ಕರುಳಲ್ಲಿ ಬಿಳೀ ಶಾವಿಗೆಯಂಥ ಜಂತುಹುಳು ಕಂಡಿರುತ್ತೀರಿ, ಐದರಿಂದ ಹನ್ನೆರಡು ಸೆಂಟಿಮೀಟರ್ ಉದ್ದ. ಅದು ಅಸ್ಕರಿಡಿಯಾ ಗ್ಯಾಲಿ. ಬೆಳೆದ ಹುಳು ಕೋಶದ ಒಳಗೆ ಹೋಗುವುದಿಲ್ಲ, ಕರುಳಿನ ಪೊಳ್ಳಿನಲ್ಲಿ ಇರುತ್ತದೆ. ಅದು ಇದ್ದಾಗ ಚುರುಕಾಗುವುದು ಇಂಟರ್‌ಲ್ಯೂಕಿನ್-4 ಮತ್ತು 13ರ ವಂಶವಾಹಿಗಳು. ಒಳಗೆ ನುಗ್ಗಿದ ಕಳ್ಳನಿಗೆ ಒಂದು ಉಪಾಯ, ಅಂಗಳದಲ್ಲಿ ಕೂತ ಕಳ್ಳನಿಗೆ ಬೇರೆ ಉಪಾಯ. ಕಣ್ಣೂ ಕಿವಿಯೂ ಇಲ್ಲದ ಕರುಳಿಗೆ ಇದು ಗೊತ್ತಾಗುತ್ತದೆ!

ಡಾಕ್ಟರು ಉಳಿದ ಆರು ಮರಿಗೆ ಆಂಪ್ರೋಲಿಯಂ ಎಂಬ ಪುಡಿ ಕೊಟ್ಟರು, ನೀರಿನಲ್ಲಿ ಕಲಸಿ ಕುಡಿಸುವುದು. ಅದು ಬಿ1 ಜೀವಸತ್ವದ ವೇಷ ಹಾಕಿದ ಔಷಧಿ. ಅದಿದ್ದರೆ ಪರಾವಲಂಬಿಗೆ ನಿಜವಾದ ಬಿ1 ಸಿಗುವುದಿಲ್ಲ. ಒಂದು ಮರಿ ಆಮೇಲೂ ಸತ್ತಿತು. ಐದು ಉಳಿದವು.

ಇನ್ನೊಂದು ಮಾತು ಬರೆಯಲೇಬೇಕು. "ನೀರಿನ ಬಟ್ಟಲು ಎಲ್ಲಿಡುತ್ತಿದ್ದೆ?" ಎಂದು ಡಾಕ್ಟರು ಕೇಳಿದರು. ಮಳೆ ಅಂತ ನಾನು ಮಂಕರಿಯ ಒಳಗೇ ಇಟ್ಟಿದ್ದೆ. ಮರಿಗಳು ತುಳಿದು ಚೆಲ್ಲಿ ಹುಲ್ಲೆಲ್ಲಾ ಒದ್ದೆ ಆಗಿತ್ತು, ನಾನು ಹುಲ್ಲು ಬದಲಾಯಿಸಿರಲಿಲ್ಲ. ಕಣಗಳು ಬಲಿಯುವುದಕ್ಕೆ ಬೇಕಾದ್ದು ಅದೇ. ನುಚ್ಚಿನ ವಿಷಯದಲ್ಲಿ ಅವ್ವನ ಮಾತು ತಪ್ಪು, ಆದರೆ ನೀರಿನ ವಿಷಯದಲ್ಲಿ ತಪ್ಪು ನನ್ನದು. ಎರಡನ್ನೂ ಅವ್ವನಿಗೆ ಹೇಳಿದೆ. ಅವ್ವ ಏನೂ ಅನ್ನಲಿಲ್ಲ. ಮಾರನೇ ದಿನ ಒಂದು ಇಟ್ಟಿಗೆ ತಂದು ಮಂಕರಿ ಹೊರಗೆ ಹಾಕಿ ಅದರ ಮೇಲೆ ಬಟ್ಟಲಿಟ್ಟಳು. ಒಣಹುಲ್ಲನ್ನು ನಾನು ಎರಡು ದಿನಕ್ಕೊಮ್ಮೆ ಬದಲಾಯಿಸುತ್ತೇನೆ. ಈ ಐಮೀರಿಯಾ ಮನುಷ್ಯರಿಗೆ ಬರುವುದಿಲ್ಲ, ಹೆದರಬೇಡಿ. ಆದರೂ ಹಿಕ್ಕೆ ಮುಟ್ಟಿದ ಮೇಲೆ ಕೈ ತೊಳೆಯಿರಿ.

ಐದು ಮರಿಗಳನ್ನೂ ಪ್ರತಿ ಶನಿವಾರ ಅಂಗಡಿ ತಕ್ಕಡಿಯಲ್ಲಿ ತೂಗಿ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಅದೇ ವಯಸ್ಸಿನ, ರೋಗ ಬಾರದ ಮರಿಗಳು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಊಟದ ಬೆಲ್ಲಿನಲ್ಲಿ ನನಗೆ ಹೇಳಿ. ಹೋಲಿಸಿ ನೋಡಬೇಕು.

– ಏಳನೇ ತರಗತಿ ವಿದ್ಯಾರ್ಥಿನಿ