ಉಪ್ಪರಿಗೆ ಹತ್ತುವ ಮುಂಚೆ

ಪ್ರೀತಿಯ ಪುಟ್ಟೀ,

ಗೆಳತಿಯರ ಜೊತೆ ಕುಪ್ಪಳಿಗೆ ಹೋಗುತ್ತೇನೆ ಅಂದೆಯಲ್ಲ, ಕೇಳಿ ಬಹಳ ಖುಷಿಯಾಯಿತು. ಫೋನಿನಲ್ಲಿ ಮಾತು ಮುಗಿಯಲಿಲ್ಲ, ಅದಕ್ಕೇ ಈ ಕಾಗದ.

ಅಲ್ಲಿಯ ಕುವೆಂಪು ಮನೆಯನ್ನು ಎಲ್ಲರೂ ಕವಿಮನೆ ಅನ್ನುತ್ತಾರೆ. ಕುವೆಂಪು 1904ರಲ್ಲಿ ಹುಟ್ಟಿದ್ದು ತಾಯಿಯ ತವರು ಹಿರೇಕೊಡಿಗೆಯಲ್ಲಾದರೂ ಬೆಳೆದದ್ದು ಈ ಮನೆಯಲ್ಲೇ. ಆದರೆ ಮಗೂ, ಕವಿಮನೆ ಆಗುವುದಕ್ಕೆ ಮುಂಚೆ ಅದು ಬೇಸಾಯದ ಮನೆ. ಹೋದವರೆಲ್ಲ ಸೀದಾ ಉಪ್ಪರಿಗೆ ಹತ್ತುತ್ತಾರೆ. ನೀನು ಮೊದಲು ತೊಟ್ಟಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲು. ನಾಲ್ಕೂ ಕಡೆಯ ಮಾಡಿನ ನೀರು ಬೀಳುವುದು ಅಲ್ಲಿಗೇ. ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡದ ನಮ್ಮ ಸೀಮೆಯಲ್ಲಿ, ಬಾಗಿಲು ಹಾಕಿಕೊಂಡ ಮನೆಗೆ ಬೆಳಕು, ಗಾಳಿ ಬರುತ್ತಿದ್ದದ್ದೂ ಅಲ್ಲಿಂದಲೇ.

ಒಳಗೆ ಬೇಸಾಯದ ಸಾಮಾನು, ಅಡುಗೆಮನೆಯ ಪಾತ್ರೆ ಪಡಗ ಜೋಡಿಸಿಟ್ಟಿದ್ದಾರೆ. ಒಂದೊಂದನ್ನೂ ನೋಡುವಾಗ ಅದನ್ನು ಹಿಡಿದ ಕೈಯನ್ನು ನೆನೆದುಕೋ. ಅಡಿಕೆಯನ್ನೇ ತಗೋ. ಮಳೆಗಾಲಕ್ಕೆ ಕೊಳೆರೋಗ ತಾಗದ ಹಾಗೆ ಕರಡದ ಹುಲ್ಲಿನ ಕೊಟ್ಟೆ ಹೆಣೆದು, ಮರ ಹತ್ತಿ ಅಡಿಕೆ ಕೊನೆಗೆ ಕಟ್ಟಬೇಕು. ಚಳಿಗಾಲದಲ್ಲಿ ಕೊನೆ ಇಳಿಸಿದ ಮೇಲೆ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯೆಲ್ಲ ಸುಲಿಯಬೇಕು. ಆಮೇಲೆ ಹಂಡೆಯಲ್ಲಿ ಬೇಯಿಸಿ ಚಪ್ಪರದ ಮೇಲೆ ಒಣಗಿಸಬೇಕು. ಚೊಗರು ಹತ್ತಿದ ನನ್ನ ಅವ್ವನ ಬೆರಳು ಯುಗಾದಿ ಬಂದರೂ ಕಪ್ಪಾಗಿಯೇ ಇರುತ್ತಿದ್ದವು.

ಜಗಲಿಯಿಂದ ಇಳಿದಾಗ ಅಂಗಳವನ್ನೂ ನೋಡು. ಆ ಕಾಲದ ನಮ್ಮ ಕಡೆಯ ಮನೆಗಳಲ್ಲಿ ಗದ್ದೆ ಉತ್ತವರು, ಜೀತಕ್ಕಿದ್ದವರು ಜಗಲಿ ಹತ್ತುವಂತಿರಲಿಲ್ಲ. ನಮ್ಮ ಮನೆಯಲ್ಲೂ ಹಾಗೇ ಇತ್ತು, ಅದು ತಪ್ಪು ಅಂತ ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು. ಅಂಥ ಮನೆಯಲ್ಲಿ ಬೆಳೆದ ಕುವೆಂಪು 1967ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ ತಂದಾಗ, ಜೀತದ ಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಅದರ ಎದೆಯೊಳಗೆ ಇಟ್ಟರು. ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುವ ಪುಟಗಳನ್ನು ಇವತ್ತಿಗೂ ಒಂದೇ ಉಸಿರಿನಲ್ಲಿ ಓದಲು ನನ್ನಿಂದಾಗುವುದಿಲ್ಲ. ಹೋಗುವ ಮುಂಚೆ ಪೂರ್ತಿ ಓದಲಾಗದಿದ್ದರೆ ಗುತ್ತಿ ಬರುವಷ್ಟನ್ನಾದರೂ ಓದು.

ನಿನಗೆ ಇಷ್ಟೊಂದು ಯಾಕೆ ಹೇಳುತ್ತಿದ್ದೇನೆ ಗೊತ್ತಾ? ನಮ್ಮದೂ ತೊಟ್ಟಿಮನೆಯೇ ಆಗಿತ್ತು. ಪಾಲಾದ ವರ್ಷ ಅದನ್ನು ಕೀಳಿಸಿದೆವು. ಕೆತ್ತನೆಯ ಮುಂಡಿಗೆಗಳು ಲಾರಿ ಹತ್ತಿ ಪೇಟೆಯ ಕಡೆ ಹೋದವು. ಬೇಡ ಅನ್ನಬಹುದಾಗಿತ್ತು, ಅನ್ನಲಿಲ್ಲ. ಕುಪ್ಪಳಿಯ ಮನೆಯನ್ನು ಕುವೆಂಪು ಹೆಸರಿನ ಪ್ರತಿಷ್ಠಾನದವರು ಉಳಿಸಿ, ಬಂದವರಿಗೆಲ್ಲ ಬಾಗಿಲು ತೆರೆದಿಟ್ಟಿದ್ದಾರೆ. ನಾನು ನಿನಗೆ ತೋರಿಸಲಾಗದ್ದನ್ನು ಅಲ್ಲಿ ನೋಡು.

ಸಂಜೆ ಹತ್ತಿರದ ಕವಿಶೈಲದ ಗುಡ್ಡ ಹತ್ತು. 1994ರಲ್ಲಿ ಕವಿಯ ಅಂತ್ಯಸಂಸ್ಕಾರ ನಡೆದದ್ದು ಅಲ್ಲೇ. ಅಲ್ಲಿ ಮಾತು ಬೇಡ.

ಬರುವಾಗ ಇಲ್ಲಿಗೆ ಬಂದು ಹೋಗು. ಅವ್ವನ ಮೆಟ್ಟುಗತ್ತಿಯೊಂದನ್ನು ಲಾರಿಗೆ ಹಾಕಲು ನಾನು ಬಿಡಲಿಲ್ಲ, ಅಟ್ಟದ ಮೇಲಿದೆ. ಒರೆಸಿ, ಎಣ್ಣೆ ಹಚ್ಚಿ ಇಟ್ಟಿರುತ್ತೇನೆ.

ನಿನ್ನ ಅಜ್ಜ